ಹೊಸ ಐ ಡ್ರಾಪ್ಸ್ ನಿಮ್ಮ ಕಣ್ಣಿಗೆ ಒಗ್ಗುತ್ತದೆಯೇ? ಪರೀಕ್ಷಿಸಿ ನೋಡುವ ಕ್ರಮ

ಕಣ್ಣಲ್ಲಿ ಮರಳು ಬಿದ್ದ ಹಾಗೆ ಚುರುಚುರು, ಸಂಜೆಯಾದರೆ ಉರಿ, ಫ್ಯಾನಿನ ಕೆಳಗೆ ಕೂತರೆ ಸುಮ್ಮಸುಮ್ಮನೆ ನೀರು. ಮೆಡಿಕಲ್ ಶಾಪಿನಲ್ಲಿ ಹೇಳಿಕೊಂಡರೆ ಒಂದು ಡ್ರಾಪ್ಸ್ ಕೈಗಿಡುತ್ತಾರೆ. ಹಾಕಿದ ಕೂಡಲೇ ಹಾಯೆನಿಸುತ್ತದೆ, "ಇದು ಚೆನ್ನಾಗಿದೆ" ಎಂದು ಅಲ್ಲಿಗೇ ತೀರ್ಮಾನ ಮಾಡಿಬಿಡುತ್ತೇವೆ. ಹತ್ತು ದಿನ ಕಳೆದ ಮೇಲೆ ಮತ್ತೆ ಅದೇ ಉರಿ, ಮತ್ತೆ ಹೊಸ ಬಾಟಲಿ. ಒಣಗಿದ ಕಣ್ಣಿಗೆ ಯಾವ ಡ್ರಾಪ್ಸ್ ಬಿದ್ದರೂ ಮೊದಲ ನಿಮಿಷ ಸಾಮಾನ್ಯವಾಗಿ ಹಾಯೆನಿಸುತ್ತದೆ, ಆದ್ದರಿಂದ ಆ ನಿಮಿಷವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆರಾಮ ಎಷ್ಟು ಹೊತ್ತು ಉಳಿಯಿತು, ಎರಡು ಮೂರು ವಾರದ ನಂತರ ದಿನದ ಕೊನೆಯಲ್ಲಿ ಕಣ್ಣು ಹೇಗಿದೆ ಎಂಬುದನ್ನು ನೋಡಿ. ಅದನ್ನು ತಿಳಿಯಲು ಒಂದು ಸಣ್ಣ ನೋಟ್‌ಬುಕ್ಕು, ಒಂದಿಷ್ಟು ಶಿಸ್ತು ಸಾಕು.

ಮನೆಯಲ್ಲಿ ಪರೀಕ್ಷಿಸಬಾರದ ಕಣ್ಣು

ಮೊದಲು ಇದನ್ನು ನೋಡಿಕೊಳ್ಳಿ. ಒಂದೇ ಕಣ್ಣು ಕೆಂಪಾಗಿದ್ದರೆ, ನೋವು ಜೋರಾಗಿದ್ದರೆ, ಬೆಳಕು ನೋಡಲಾಗದಿದ್ದರೆ, ದೃಷ್ಟಿ ಮಂಜಾಗಿ ರೆಪ್ಪೆ ಬಡಿದರೂ ತಿಳಿಯಾಗದಿದ್ದರೆ, ಹಳದಿ ಗೀಜು ಕಟ್ಟುತ್ತಿದ್ದರೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಅದು ಬರೀ ಡ್ರೈ ಐ (ಕಣ್ಣು ಒಣಗುವ ತೊಂದರೆ) ಅಲ್ಲ. ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಭತ್ತ ಒಕ್ಕುವಾಗ ಹೊಟ್ಟು ಸಿಡಿದು, ಕಬ್ಬಿನ ಎಲೆ ಕೊಯ್ದು ಕಣ್ಣು ಕೆಂಪಾದವರು ಇನ್ನೂ ಹುಷಾರಾಗಿರಬೇಕು. ಅಂಥ ಗಾಯದಲ್ಲಿ ಶಿಲೀಂಧ್ರ ಬೆಳೆಯುವ ಅಪಾಯವಿದೆ. ಅಂಗಡಿಯವರು "ಕೆಂಪು ಇಳಿಯುತ್ತದೆ" ಎಂದು ಕೊಡುವ ಸ್ಟೆರಾಯ್ಡ್ ಡ್ರಾಪ್ಸ್ ಹಾಕಿದರೆ ಶಿಲೀಂಧ್ರಕ್ಕೆ ಹಾದಿ ಸುಗಮವಾಗುತ್ತದೆ.

ಇತ್ತೀಚೆಗೆ ಪೊರೆ ಆಪರೇಷನ್ ಅಥವಾ ಲೇಸಿಕ್ ಮಾಡಿಸಿಕೊಂಡವರು, ಗ್ಲಾಕೋಮಾಕ್ಕೆ (ನೋಟದ ನರ ಹಾಳಾಗುವ ಕಾಯಿಲೆ) ಡ್ರಾಪ್ಸ್ ಹಾಕುತ್ತಿರುವವರು ಡಾಕ್ಟರನ್ನು ಕೇಳದೆ ಏನನ್ನೂ ಬದಲಿಸಬಾರದು. ಕಣ್ಣಿನ ಜೊತೆ ಬಾಯಿಯೂ ಒಣಗುತ್ತಿದ್ದು ಕೀಲುನೋವೂ ಇದ್ದರೆ ಡ್ರಾಪ್ಸ್ ಬದಲಿಸಿ ಪ್ರಯೋಜನವಿಲ್ಲ. ಶೋಗ್ರನ್ ಎಂಬ ಕಾಯಿಲೆ ಇದೆಯೇ ಎಂದು ರಕ್ತಪರೀಕ್ಷೆ ಮಾಡಿಸಬೇಕಾಗುತ್ತದೆ.

ಯಾವುದನ್ನು ಪರೀಕ್ಷಿಸುತ್ತಿದ್ದೇವೆ?

ಕಣ್ಣೀರು ಬರೀ ಉಪ್ಪುನೀರಲ್ಲ. ಕಣ್ಣಿಗೆ ಅಂಟಿಕೊಂಡು ಲೋಳೆಯ ಪದರ, ಅದರ ಮೇಲೆ ನೀರು, ಎಲ್ಲಕ್ಕೂ ಮೇಲೆ ರೆಪ್ಪೆಯಂಚಿನ ಮೈಬೋಮಿಯನ್ ಗ್ರಂಥಿಗಳಿಂದ ಬರುವ ತೆಳ್ಳನೆಯ ಎಣ್ಣೆ, ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ಹರಡಿದ ಹಾಗೆ. ಆ ಎಣ್ಣೆ ಕಡಿಮೆಯಾದರೆ ನೀರು ಬೇಗ ಆರುತ್ತದೆ. ಬಹಳಷ್ಟು ಜನರ ತೊಂದರೆ ಇದೇ. ಕೆಲವರಲ್ಲಿ ನೀರೇ ಕಡಿಮೆ. ಕಣ್ಣಲ್ಲಿ ನೀರು ಸುರಿಯುವವರಿಗೆ "ನಿಮಗೆ ಡ್ರೈ ಐ" ಎಂದರೆ ನಗು ಬರಬಹುದು. ಆದರೆ ಮೇಲ್ಮೈ ಒಣಗಿ ಉರಿದಾಗ ಒಮ್ಮೆಲೇ ಹರಿಯುವುದು ಆ ಉರಿಗೆ ಕಣ್ಣು ಕೊಡುವ ಉತ್ತರವಷ್ಟೆ.

ಇದಕ್ಕೆ ಹಾಕುವುದು ಲೂಬ್ರಿಕೆಂಟ್ ಡ್ರಾಪ್ಸ್, ಅಂದರೆ ಕೃತಕ ಕಣ್ಣೀರು. ಕೊಳ್ಳುವಾಗ ದೊಡ್ಡಕ್ಷರದ ಹೆಸರಿಗಿಂತ ಡಬ್ಬಿಯ ಬದಿಯಲ್ಲಿರುವ ಸಣ್ಣಕ್ಷರ ಮುಖ್ಯ. ಅಲ್ಲಿ ನೋಡಬೇಕಾದದ್ದು ಎರಡು.

ಒಂದು, ಒಳಗಿರುವ ವಸ್ತು. ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ 0.5% ಅಂದರೆ ತೆಳು, ಹಗಲಿಗೆ ಸರಿ. ಅದೇ 1% ಆದರೆ ಗಟ್ಟಿ, ಹೆಚ್ಚು ಹೊತ್ತು ನಿಲ್ಲುತ್ತದೆ, ಆದರೆ ಹಾಕಿದ ಮೇಲೆ ಕೆಲವು ನಿಮಿಷ ಎದುರಿಗಿರುವುದು ಮಬ್ಬು. ಸೋಡಿಯಂ ಹೈಲುರೊನೇಟ್ ಸಾಮಾನ್ಯವಾಗಿ 0.1%ರಿಂದ 0.3%ರ ನಡುವೆ ಸಿಗುತ್ತದೆ. ರೆಪ್ಪೆ ಬಡಿದಾಗ ತೆಳುವಾಗಿ, ಕಣ್ಣು ತೆರೆದಿದ್ದಾಗ ಮಂದವಾಗುವ ಗುಣ ಅದಕ್ಕಿದೆ. ಪಾಲಿಎಥಿಲೀನ್ ಗ್ಲೈಕಾಲ್ 0.4%, ಪ್ರೊಪಿಲೀನ್ ಗ್ಲೈಕಾಲ್ 0.3% ಸೇರಿದ್ದು ಇನ್ನೊಂದು ಬಗೆ, ಸಿಸ್ಟೇನ್ ಅಲ್ಟ್ರಾ ಈ ಜಾತಿಯದು. ಎಣ್ಣೆಯಂಶ ಸೇರಿಸಿದ ಹಾಲಿನಂಥ ಡ್ರಾಪ್ಸ್ ಬೇರೆ. ಎಣ್ಣೆಪದರ ಕೆಟ್ಟವರಿಗೆ ಅದನ್ನು ಹಾಕಿ ನೋಡಬಹುದು, ಪ್ರತಿಸಲ ಬಾಟಲಿ ಕುಲುಕಿ ಹಾಕಬೇಕು. ಇವುಗಳಲ್ಲಿ ಯಾವುದೋ ಒಂದು ಎಲ್ಲರಿಗೂ ಮೇಲು ಎಂದೇನೂ ಇಲ್ಲ, ಬೆಲೆ ಜಾಸ್ತಿಯಾದದ್ದು ಹೆಚ್ಚು ಕೆಲಸ ಮಾಡುತ್ತದೆ ಎಂದೂ ಅಲ್ಲ. ನಿಮ್ಮ ಕಣ್ಣಿಗೆ ಯಾವುದು ಹಿಡಿಸುತ್ತದೆ ಎಂದು ನೋಡುವ ಕೆಲಸ ಬಂದದ್ದೇ ಇದರಿಂದ.

ನಮ್ಮ ಅಂಗಡಿಗಳಲ್ಲಿ ಸೆಲ್ಯುಲೋಸ್ 0.5% ಒಂದೇ ಹತ್ತಾರು ಕಂಪನಿಗಳ ಹೆಸರಲ್ಲಿ ಸಿಗುತ್ತದೆ. "ಮೂರು ಡ್ರಾಪ್ಸ್ ಬದಲಿಸಿದೆ, ಯಾವುದೂ ಆಗಲಿಲ್ಲ" ಎನ್ನುವವರ ಮೂರು ಡಬ್ಬಿ ತಿರುಗಿಸಿ ನೋಡಿದರೆ ಮೂರರಲ್ಲೂ ಅದೇ ವಸ್ತು, ಅದೇ ಪ್ರಮಾಣ ಇರುವುದುಂಟು.

ಎರಡನೆಯದು ಪ್ರಿಸರ್ವೇಟಿವ್, ಅಂದರೆ ಬಾಟಲಿಯೊಳಗೆ ಸೂಕ್ಷ್ಮಜೀವಿ ಬೆಳೆಯದಂತೆ ಸೇರಿಸುವ ವಸ್ತು. ಬೆಂಜಾಲ್ಕೋನಿಯಂ ಕ್ಲೋರೈಡ್ ಎಂದಿದ್ದರೆ ದಿನಕ್ಕೆ ಹಲವು ಸಲ, ತಿಂಗಳುಗಟ್ಟಲೆ ಹಾಕಲು ಅದು ತಕ್ಕದ್ದಲ್ಲ. ಸೂಕ್ಷ್ಮಜೀವಿಗಳನ್ನು ಕೊಲ್ಲುವ ಅದು ಕಣ್ಣಿನ ಮೇಲ್ಪದರದ ಜೀವಕೋಶಗಳಿಗೂ ಪೆಟ್ಟು ಕೊಡುತ್ತದೆ, ಒಣಗುವುದು ಇನ್ನೂ ಹೆಚ್ಚುತ್ತದೆ. ಸ್ಟೆಬಿಲೈಸ್ಡ್ ಆಕ್ಸಿಕ್ಲೋರೋ ಕಾಂಪ್ಲೆಕ್ಸ್, ಪಾಲಿಕ್ವಾಡ್ ಇಂಥವು ಸೌಮ್ಯ. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಕಾಗುವವರು ಪ್ರಿಸರ್ವೇಟಿವ್ ಇಲ್ಲದ್ದನ್ನೇ ಆರಿಸಿಕೊಳ್ಳಬೇಕು.

ಇನ್ನು ಈ ಪರೀಕ್ಷೆಗೆ ತರಲೇಬಾರದ ಬಾಟಲಿಗಳು. ಕೆಂಪು ಇಳಿಸುವ ನ್ಯಾಫಜೊಲಿನ್ ಇರುವವು ರಕ್ತನಾಳಗಳನ್ನು ಬಿಗಿದು ಕಣ್ಣನ್ನು ಬಿಳಿ ಮಾಡುತ್ತವೆ. ನಿಲ್ಲಿಸಿದರೆ ಮೊದಲಿಗಿಂತ ಜಾಸ್ತಿ ಕೆಂಪು. ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೊಲೋನ್ ಇವೆಲ್ಲ ಸ್ಟೆರಾಯ್ಡ್. ಎರಡೇ ದಿನಕ್ಕೆ ಅದ್ಭುತವಾಗಿ ಕೆಲಸ ಮಾಡಿದಂತೆ ಕಾಣುತ್ತವೆ. ಡಾಕ್ಟರ ಕಣ್ಗಾವಲಿಲ್ಲದೆ ಮುಂದುವರಿಸಿದರೆ ಕಣ್ಣಿನ ಒತ್ತಡ ಏರಿ ನೋಟದ ನರ ಹಾಳಾಗಬಹುದು, ಪೊರೆಯೂ ಬರಬಹುದು. ಮೆಂಥಾಲ್, ಕರ್ಪೂರ ಸೇರಿದ "ತಂಪು" ಡ್ರಾಪ್ಸ್ ಬರೀ ತಂಪಿನ ಭಾವನೆ ಕೊಡುತ್ತವೆ. ಪನ್ನೀರು, ಜೇನುತುಪ್ಪ, ಹರಳೆಣ್ಣೆ, ಎದೆಹಾಲು ಇವುಗಳಲ್ಲಿ ಯಾವುದೂ ಕಣ್ಣಿಗೆ ಹಾಕಲು ಶುದ್ಧೀಕರಿಸಿದ್ದಲ್ಲ.

ಬಾಟಲಿ ತೆರೆಯುವ ಮುಂಚಿನ ವಾರ

ಹೊಸ ಡ್ರಾಪ್ಸ್ ತಂದ ದಿನವೇ ಶುರು ಮಾಡಬೇಡಿ. ನಾವು ಡ್ರಾಪ್ಸ್ ಹುಡುಕಿ ಹೊರಡುವುದೇ ಕಣ್ಣು ತೀರಾ ಕೆಟ್ಟಿರುವ ದಿನ. ಮರುದಿನ ಅದು ತಾನಾಗಿಯೇ ಸ್ವಲ್ಪ ಇಳಿಯುವ ಸಂಭವ ಇದ್ದೇ ಇರುತ್ತದೆ, ಹೊಸ ಬಾಟಲಿಗೆ ಪುಕ್ಕಟೆ ಕೀರ್ತಿ ಬರುತ್ತದೆ. ಡ್ರೈ ಐ ಔಷಧಗಳ ದೊಡ್ಡ ಪರೀಕ್ಷೆಗಳಲ್ಲೂ ಬರೀ ಔಷಧವಿಲ್ಲದ ದ್ರವ ಹಾಕಿಸಿಕೊಂಡವರಲ್ಲಿ ಬಹಳ ಜನ ಸುಧಾರಿಸಿದ್ದು ಕಾಣುತ್ತದೆ. ಆದ್ದರಿಂದ ಒಂದು ವಾರ ಈಗಿನ ಅಭ್ಯಾಸದಲ್ಲೇ ಇದ್ದು ಬರೆದಿಡಿ.

ದಿನಕ್ಕೆ ಮೂರು ಸಲ, ಎದ್ದಾಗ, ಮಧ್ಯಾಹ್ನ 3ರ ಸುಮಾರಿಗೆ, ಮಲಗುವ ಮುಂಚೆ (ಮುಂದೆ ಸಂಜೆಯ ಅಂಕ ಎಂದಿರುವುದು ಇದನ್ನೇ), ಕಣ್ಣಿನ ತೊಂದರೆಗೆ 0ರಿಂದ 10ರವರೆಗೆ ಅಂಕ ಕೊಡಿ. 0 ಅಂದರೆ ಕಣ್ಣಿದೆ ಎಂಬುದೇ ನೆನಪಿಲ್ಲ, 10 ಅಂದರೆ ಕೆಲಸ ಬಿಟ್ಟು ಕಣ್ಣು ಮುಚ್ಚಿ ಕೂರಬೇಕು. ಪಕ್ಕದಲ್ಲಿ ಒಂದು ಸಾಲು: ಸ್ಕ್ರೀನ್ ಎಷ್ಟು ಗಂಟೆ, ಏಸಿ ಇತ್ತೇ, ಬೈಕಿನಲ್ಲಿ ಎಷ್ಟು ದೂರ, ನಿದ್ದೆ ಎಷ್ಟು. ಒಂದು ಪುಟ ಹೀಗೆ ಕಾಣುತ್ತದೆ:

ಸೋಮ – 3, 6, 7 – ಸ್ಕ್ರೀನ್ 9 ಗಂಟೆ, ಏಸಿ, ನಿದ್ದೆ 6
ಮಂಗಳ – 2, 6, 8 – ಸ್ಕ್ರೀನ್ 10, ಏಸಿ, ಬೈಕು 24 ಕಿ.ಮೀ.
ಭಾನು – 3, 3, 4 – ಸ್ಕ್ರೀನ್ 2, ಮನೆಯಲ್ಲೇ

ಇಷ್ಟು ನೋಡಿದರೇ ಅರ್ಧ ಉತ್ತರ ಸಿಗುತ್ತದೆ. ಸಂಜೆ ಏರುವ ಅಂಕ ಸ್ಕ್ರೀನು, ಗಾಳಿ, ಆರುವಿಕೆಯ ಕಡೆ ಬೆರಳು ತೋರುತ್ತದೆ. ನಿಮಿಷಕ್ಕೆ ಸುಮಾರು 15 ಸಲ ಬಡಿಯುವ ರೆಪ್ಪೆ ಸ್ಕ್ರೀನ್ ಮುಂದೆ 5–7ಕ್ಕೆ ಇಳಿಯುತ್ತದೆ. ಬೆಳಗ್ಗೆ ಎದ್ದಾಗಲೇ ಜಾಸ್ತಿಯಿದ್ದರೆ ನಿದ್ದೆಯಲ್ಲಿ ರೆಪ್ಪೆ ಪೂರ್ತಿ ಮುಚ್ಚುತ್ತಿಲ್ಲವೇ, ಫ್ಯಾನ್ ಮುಖಕ್ಕೇ ಬೀಸುತ್ತಿದೆಯೇ, ರೆಪ್ಪೆಯಂಚು ಊದಿಕೊಂಡಿದೆಯೇ ನೋಡಿ. ಅಂಥವರಿಗೆ ಹಗಲಿನ ತೆಳು ಡ್ರಾಪ್ಸ್‌ಗಿಂತ ರಾತ್ರಿಯ ಜೆಲ್ ಅಥವಾ ಮುಲಾಮು ಮೊದಲು ಪರೀಕ್ಷಿಸಬೇಕಾದದ್ದು.

ಇನ್ನೊಂದು ಅಳತೆ: ಫ್ಯಾನ್ ಆರಿಸಿ, ಎರಡು ಸಲ ಪೂರ್ತಿ ರೆಪ್ಪೆ ಬಡಿದು, ಆಮೇಲೆ ಬಡಿಯದೆ ಎದುರಿಗೆ ನೋಡುತ್ತ ಮೊಬೈಲಿನ ಸ್ಟಾಪ್‌ವಾಚ್ ಒತ್ತಿ. ಚುರುಕ್ ಎಂದ ಕೂಡಲೇ ನಿಲ್ಲಿಸಿ. ಹಟ ಹಿಡಿದು ತಾಳಿಕೊಳ್ಳಬೇಡಿ. ಮೂರು ಸಲ ಮಾಡಿ ಸರಾಸರಿ ಬರೆಯಿರಿ. 10 ಸೆಕೆಂಡಿಗೂ ಕಡಿಮೆ ಬಂದರೆ ಕಣ್ಣೀರಿನ ಪದರ ಬೇಗ ಒಡೆಯುತ್ತಿದೆ ಎಂದು ಅನುಮಾನಿಸಬಹುದು. ಇದನ್ನು ಯಾವಾಗಲೂ ಒಂದೇ ಹೊತ್ತಿಗೆ, ಡ್ರಾಪ್ಸ್ ಹಾಕುವ ಮುಂಚೆ ಮಾಡಬೇಕು. ವಾರಕ್ಕೆ ಎರಡು ಸಲ ಮಾಡಿದರೆ ಸಾಕು. ಇನ್ನೂ ಕಟ್ಟುನಿಟ್ಟಾಗಿ ನೋಡುವವರಿಗೆ ಓಎಸ್‌ಡಿಐ ಎಂಬ 12 ಪ್ರಶ್ನೆಗಳ ಪಟ್ಟಿಯಿದೆ. ಕಳೆದ ಒಂದು ವಾರದ ಬಗ್ಗೆ ಕೇಳಿ 100ಕ್ಕೆ ಅಂಕ ಕೊಡುತ್ತದೆ. 12ರವರೆಗೆ ಸಹಜ, 33 ಮತ್ತು ಮೇಲಾದರೆ ತೀವ್ರ.

ಬಾಟಲಿ ತೆರೆಯುವುದು

ಸೀಲ್ ಹರಿದಿದ್ದರೆ ವಾಪಸು ಕೊಡಿ. ಅನೇಕ ಬಾಟಲಿಗಳಲ್ಲಿ ಮೂತಿ ಮುಚ್ಚಿಯೇ ಇರುತ್ತದೆ. ಮುಚ್ಚಳದ ಒಳಗೆ ಸಣ್ಣ ಮೊಳೆಯಂಥ ಚೂಪು ಇರುತ್ತದೆ, ಮುಚ್ಚಳವನ್ನು ಪೂರ್ತಿ ಬಿಗಿಯಾಗಿ ತಿರುಗಿಸಿದರೆ ಅದೇ ತೂತು ಕೊರೆಯುತ್ತದೆ. ಇದು ಗೊತ್ತಿಲ್ಲದೆ ಬ್ಲೇಡಿನಲ್ಲಿ ಮೂತಿ ಕತ್ತರಿಸುವವರು, ಸೇಫ್ಟಿ ಪಿನ್ ಚುಚ್ಚುವವರು ಬಹಳ. ತೂತು ದೊಡ್ಡದಾಗಿ ಹನಿಯೂ ದೊಡ್ಡದಾಗುತ್ತದೆ, ಪಿನ್ನಿನ ಕೊಳೆ ಒಳಗೆ ಹೋಗುತ್ತದೆ, ಕತ್ತರಿಸಿದ ಅಂಚು ಕಣ್ಣಿಗೆ ಗೀರಬಹುದು.

ತೆರೆದ ತಾರೀಖನ್ನು ಬಾಟಲಿಯ ಮೇಲೆಯೇ ಪೆನ್ನಿನಲ್ಲಿ ಬರೆಯಿರಿ. ಡಬ್ಬಿಯ ಮೇಲಿನ ಎಕ್ಸ್‌ಪೈರಿ ತೆರೆಯದ ಬಾಟಲಿಗೆ ಮಾತ್ರ ಲೆಕ್ಕ. ತೆರೆದ ಮೇಲೆ ಹೆಚ್ಚಿನವಕ್ಕೆ ಒಂದು ತಿಂಗಳು. ಒಂದು ಮಿಲಿಲೀಟರಿಗೆ ಸುಮಾರು 20 ಹನಿ ಎಂದು ಹಿಡಿದರೆ 10 ಮಿಲಿಯಲ್ಲಿ 200 ಹನಿ. ಎರಡೂ ಕಣ್ಣಿಗೆ ದಿನಕ್ಕೆ ನಾಲ್ಕು ಸಲ ಅಂದರೆ 8 ಹನಿ, 25 ದಿನಕ್ಕೆ ಖಾಲಿ. ದಿನಕ್ಕೆ ಎರಡೇ ಸಲ ಹಾಕುವವರು ತಿಂಗಳ ಕೊನೆಗೆ ಸುಮಾರು 80 ಹನಿ ಎಸೆಯಬೇಕಾಗುತ್ತದೆ, ಆದ್ದರಿಂದ 5 ಮಿಲಿಯದು ಸಿಕ್ಕರೆ ಅದನ್ನೇ ಕೊಳ್ಳಿ. ಕೆಲವೇ ಹನಿ ಹಿಡಿಯುವ ಒಂದು ಸಲದ ಪುಟ್ಟ ಪ್ಲಾಸ್ಟಿಕ್ ನಳಿಗೆಗಳಲ್ಲಿ ಪ್ರಿಸರ್ವೇಟಿವ್ ಇರುವುದಿಲ್ಲ. ಅದರ ಚೀಟಿಯಲ್ಲಿ ಹೇಳಿದಷ್ಟು ಹೊತ್ತು ಮಾತ್ರ ಬಳಸಿ, ಮಿಕ್ಕದ್ದನ್ನು ಚೆಲ್ಲಿ.

ಉಳಿತಾಯದ ಆಸೆಗೆ ಹಳೆಯ ಬಾಟಲಿ ಹಾಕುವ ಮುಂಚೆ 2023ರಲ್ಲಿ ಅಮೆರಿಕದಲ್ಲಿ ಆದದ್ದು ನೆನಪಿರಲಿ. ತಮಿಳುನಾಡಿನಲ್ಲಿ ತಯಾರಾದ, ಪ್ರಿಸರ್ವೇಟಿವ್ ಇಲ್ಲದ, ಆದರೆ ಹಲವು ದಿನ ಬಳಸುವ ಬಾಟಲಿಯ ಕೃತಕ ಕಣ್ಣೀರಿನ ನಂಟಿರುವ ಸೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾದ ಸೋಂಕು 18 ರಾಜ್ಯಗಳಲ್ಲಿ 81 ಜನರಿಗೆ ತಗುಲಿತು. 14 ಜನ ದೃಷ್ಟಿ ಕಳೆದುಕೊಂಡರು, 4 ಜನರ ಕಣ್ಣುಗುಡ್ಡೆ ತೆಗೆಯಬೇಕಾಯಿತು, 4 ಜನ ತೀರಿಕೊಂಡರು. ಯಾವ ಬ್ಯಾಕ್ಟೀರಿಯಾ ಔಷಧಕ್ಕೂ ಸುಲಭಕ್ಕೆ ಬಗ್ಗದ ತಳಿ ಅದು. ತಯಾರಿಕೆಯಲ್ಲಿ ಆಗುವ ಎಡವಟ್ಟು ನಮ್ಮ ಕೈಯಲ್ಲಿಲ್ಲ. ಬಚ್ಚಲು ಮನೆಯ ಗೂಡಿನಲ್ಲಿ ಮುಚ್ಚಳವಿಲ್ಲದೆ ನಿಂತ ಬಾಟಲಿ ಮಾತ್ರ ನಮ್ಮದೇ.

ಹಾಕುವ ಕ್ರಮ

ಸೋಪಿನಲ್ಲಿ ಕೈ ತೊಳೆದು ಒರೆಸಿಕೊಳ್ಳಿ. ಲೆನ್ಸ್ ಇದ್ದರೆ ತೆಗೆಯಿರಿ, ಮತ್ತೆ ಹಾಕಲು 15 ನಿಮಿಷ ಕಾಯಿರಿ. ಬಾಟಲಿಯ ಮೇಲೆ ಕಣ್ಣಿನದೇ ಎಂದು ಬರೆದಿದೆಯೇ ಪ್ರತಿಸಲ ಓದಿ. ಕಿವಿಯ ಡ್ರಾಪ್ಸ್, ಸೂಪರ್ ಗ್ಲೂ ಅಂಟು, ಕಾಲಿನ ಆಣಿಯ ಔಷಧ ಎಲ್ಲವೂ ಅದೇ ಗಾತ್ರದ ಬಾಟಲಿಯಲ್ಲೇ ಬರುತ್ತವೆ.

ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆಯನ್ನು ಬೆರಳಿನಿಂದ ಕೆಳಗೆಳೆದರೆ ಸಣ್ಣ ಜೇಬು ಆಗುತ್ತದೆ. ಮೇಲೆ ನೋಡಿ, ಬಾಟಲಿಯನ್ನು ಸುಮಾರು ಎರಡು ಸೆಂಟಿಮೀಟರ್ ಮೇಲೆ ಹಿಡಿದು ಒಂದು ಹನಿ. ಒಂದೇ. ಕಣ್ಣಲ್ಲಿ ಸಹಜವಾಗಿ ಇರುವ ನೀರು ಸುಮಾರು 7 ಮೈಕ್ರೋಲೀಟರ್, ರೆಪ್ಪೆಯೊಳಗೆ ಹೆಚ್ಚೆಂದರೆ ಹಿಡಿಯುವುದು 30, ಬಾಟಲಿಯ ಒಂದು ಹನಿಯೇ 30ರಿಂದ 50. ಎರಡನೆಯ ಹನಿ ನೇರ ಕೆನ್ನೆಗೆ. ಮೂತಿ ರೆಪ್ಪೆಗೂದಲಿಗೆ ತಾಗಿದರೆ ಅಲ್ಲಿಯ ಸೂಕ್ಷ್ಮಜೀವಿ ಬಾಟಲಿಯೊಳಗೆ ಸೇರುತ್ತದೆ. ಕಾಡಿಗೆ ಹಚ್ಚುವವರಲ್ಲಿ ಇದು ಇನ್ನೂ ಬೇಗ. ಅಲ್ಲದೆ ರೆಪ್ಪೆಯ ಒಳಅಂಚಿಗೆ ಹಚ್ಚಿದ ಕಾಡಿಗೆ ಎಣ್ಣೆಗ್ರಂಥಿಗಳ ಬಾಯನ್ನೇ ಮುಚ್ಚುತ್ತದೆ. ಆಮೇಲೆ ಮೆಲ್ಲಗೆ ಕಣ್ಣು ಮುಚ್ಚಿ ಒಂದು ನಿಮಿಷ ಹಾಗೇ ಇರಿ. ಹಿಂಡಿ ಮುಚ್ಚಿದರೆ, ಪಟಪಟ ಬಡಿದರೆ ಹನಿ ಹೊರಗೆ ಹೋಗುತ್ತದೆ.

ಕೈ ನಡುಗುವ ಹಿರಿಯರು ಅಂಗಾತ ಮಲಗಿ, ಕಣ್ಣು ಮುಚ್ಚಿ, ಮೂಗಿನ ಕಡೆಯ ಮೂಲೆಗೆ ಒಂದು ಹನಿ ಬಿಟ್ಟುಕೊಂಡು ಕಣ್ಣು ತೆರೆದರೆ ಒಳಗೆ ಹರಿಯುತ್ತದೆ. ರೆಪ್ಪೆ ಮೊದಲೇ ತೊಳೆದು ಒರೆಸಿರಬೇಕು ಅಷ್ಟೆ. ಬೇರೆ ಡ್ರಾಪ್ಸ್ ಕೂಡ ಇದ್ದರೆ ನಡುವೆ 5 ನಿಮಿಷ ಬಿಡಿ. ಜೆಲ್, ಮುಲಾಮು ಯಾವಾಗಲೂ ಕೊನೆಗೆ.

ಮೊದಲ ದಿನದಿಂದ ಮೂರನೆಯ ವಾರದವರೆಗೆ

ಮೊದಲ ದಿನ ಬೆಳಗ್ಗೆ, ಮನೆಯಲ್ಲಿರುವಾಗ, ಒಂದೇ ಕಣ್ಣಿಗೆ ಹಾಕಿ. ಕೆಲವು ಸೆಕೆಂಡು ಚುರುಕ್ ಎನ್ನುವುದು ಒಣಗಿದ ಕಣ್ಣಿಗೆ ಸಹಜ. ಎರಡು ಮೂರು ನಿಮಿಷವಾದರೂ ಉರಿ ಇಳಿಯದಿದ್ದರೆ, ರೆಪ್ಪೆ ಊದಿದರೆ, ತುರಿಕೆ ಎದ್ದರೆ ಆ ಡ್ರಾಪ್ಸ್ ಅಲ್ಲಿಗೇ ಬಿಡಿ. ನೋಟ ಎಷ್ಟು ನಿಮಿಷ ಮಬ್ಬಾಯಿತು ಎಂದು ಬರೆದುಕೊಳ್ಳಿ. ಅಷ್ಟು ಹೊತ್ತು ಬೈಕು ಹತ್ತುವಂತಿಲ್ಲ. ಸಂಜೆಯವರೆಗೆ ಸರಿಯಿದ್ದರೆ ಮರುದಿನದಿಂದ ಎರಡೂ ಕಣ್ಣಿಗೆ.

ಗಂಟೆ ನಿಗದಿ ಮಾಡಿ: ಉದಾಹರಣೆಗೆ 8, 12, 4, 9. ಉರಿ ಬಂದಾಗ ಹಾಕುವುದಕ್ಕಿಂತ ಬರುವ ಮುಂಚೆ ಹಾಕಿದ್ದು ಹೆಚ್ಚು ಕೆಲಸ ಮಾಡುತ್ತದೆ. ಕಂಪ್ಯೂಟರ್ ಮುಂದೆ ಕೂರುವ ಮೊದಲಿನ ಹನಿ ಬಹಳ ಮುಖ್ಯ. ಹಾಕಿದ ಮೇಲೆ ಎಷ್ಟು ಹೊತ್ತಿಗೆ ಮತ್ತೆ ಚುರುಚುರು ಶುರುವಾಯಿತು ಎಂದು ದಿನಕ್ಕೆ ಒಂದು ಸಲವಾದರೂ ಬರೆಯಿರಿ, ಇಡೀ ಪರೀಕ್ಷೆಯ ತಿರುಳೇ ಆ ನಿಮಿಷಗಳ ಲೆಕ್ಕ.

ಈ ಮೂರು ವಾರ ಬೇರೆ ಏನನ್ನೂ ಬದಲಿಸಬೇಡಿ. ಬಿಸಿ ಬಟ್ಟೆಯ ಶಾಖ ರೆಪ್ಪೆಗೆ ಒಳ್ಳೆಯದೇ. ಆದರೆ ಅದನ್ನೂ ಇದೇ ವಾರ ಶುರು ಮಾಡಿದರೆ ಯಾವುದರಿಂದ ಗುಣವಾಯಿತು ಎಂದು ತಿಳಿಯುವುದಿಲ್ಲ. ಮೀನಿನೆಣ್ಣೆ ಗುಳಿಗೆಗೂ ಇದೇ ಮಾತು. ಶೀತಕ್ಕೆ ಸೆಟ್ರಿಜಿನ್ ನುಂಗಿದ ದಿನಗಳನ್ನು ಗುರುತು ಹಾಕಿಕೊಳ್ಳಿ, ಅದೇ ಕಣ್ಣನ್ನು ಒಣಗಿಸಬಹುದು. ಬಾಟಲಿಯನ್ನು ಫ್ರಿಜ್ಜಿನಲ್ಲಿಟ್ಟು ಹಾಕಿದರೆ ತಂಪಿಗೇ ಆರಾಮ ಎನಿಸುತ್ತದೆ, ಹಳೆಯದನ್ನು ಹೊರಗಿಟ್ಟು ಹಾಕುತ್ತಿದ್ದವರು ಇದನ್ನೂ ಹಾಗೇ ಹಾಕಿ. ಸ್ಕೂಟರಿನ ಡಿಕ್ಕಿಯಲ್ಲಂತೂ ಇಡಲೇಬೇಡಿ, ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಅದರೊಳಗಿನ ಬಿಸಿ ಯಾವ ಔಷಧಕ್ಕೂ ಆಗದು. ಹವೆಯೂ ಫಲಿತಾಂಶ ತಿರುಚುತ್ತದೆ. ಬೆಂಗಳೂರಿನಲ್ಲಿ ಮಾರ್ಚಿನ ಒಣಹವೆಯಲ್ಲಿ ಶುರು ಮಾಡಿ ನಡುವೆ ಒಂದು ವಾರ ಮಂಗಳೂರಿಗೆ ಹೋಗಿ ಬಂದರೆ ಆ ವಾರದ ಅಂಕ ಬಿಟ್ಟುಬಿಡಿ.

ಇದೆಲ್ಲ ಲೂಬ್ರಿಕೆಂಟಿನ ಮಾತು. ಡಾಕ್ಟರು ಸೈಕ್ಲೋಸ್ಪೊರಿನ್ 0.05% ಬರೆದಿದ್ದರೆ ಮೂರು ವಾರಕ್ಕೆ ತೀರ್ಮಾನ ಸಲ್ಲದು. ಅದು ಉರಿಯೂತ ಇಳಿಸುವ ಔಷಧ, ಪರಿಣಾಮ ಕಾಣಲು ಮೂರು ತಿಂಗಳೂ ಹಿಡಿಯಬಹುದು, ಮೊದಲಲ್ಲಿ ಉರಿಯುವುದೂ ಸಾಮಾನ್ಯ. ಎರಡನೆಯ ವಾರಕ್ಕೇ "ಇದು ಆಗಲಿಲ್ಲ" ಎಂದು ಕೈಬಿಡಬೇಡಿ.

ಅಂಕ ಓದುವುದು

ಬಾಟಲಿ ತೆರೆಯುವ ಮುಂಚಿನ ವಾರದ ಸಂಜೆಯ ಅಂಕಗಳ ಸರಾಸರಿ, ಕೊನೆಯ ವಾರದ ಸಂಜೆಯ ಅಂಕಗಳ ಸರಾಸರಿ, ಎರಡನ್ನೂ ಪಕ್ಕಪಕ್ಕ ಇಡಿ. ಒಂದು ಅಂಕದ ವ್ಯತ್ಯಾಸ ಏನೂ ಅಲ್ಲ. ಎರಡು ಮೂರು ಇಳಿದಿದ್ದು, ಆರಾಮದ ಹೊತ್ತು ಉದ್ದವಾಗಿದ್ದು, ರೆಪ್ಪೆ ಬಡಿಯದ ಸೆಕೆಂಡೂ ಏರಿದ್ದರೆ ಡ್ರಾಪ್ಸ್ ಹಿಡಿಸಿದೆ. ಹಾಕಿದಾಗ ಹಾಯೆನಿಸಿ ಇಪ್ಪತ್ತು ನಿಮಿಷಕ್ಕೆ ಮತ್ತೆ ಉರಿದು, ಸಂಜೆಯ ಅಂಕ ಹಾಗೇ ಇದ್ದರೆ ತೆಳು ಸಾಲದು, ಒಂದು ಹಂತ ಗಟ್ಟಿಯದು ಅಥವಾ ಎಣ್ಣೆಯಂಶದ್ದು ನೋಡಿ. ಮೊದಲ ವಾರ ಚೆನ್ನಾಗಿದ್ದು ಮೂರನೆಯ ವಾರಕ್ಕೆ ಕೆಂಪು, ಉರಿ ಏರಿದರೆ ಪ್ರಿಸರ್ವೇಟಿವ್ ಮೇಲೆ ಗುಮಾನಿ ಇಡಿ, ಅದೇ ವಸ್ತುವಿನ ಪ್ರಿಸರ್ವೇಟಿವ್ ಇಲ್ಲದ್ದು ಸಿಗುತ್ತದೆಯೇ ಕೇಳಿ. ತಿಳಿಯಾಗಿದ್ದ ಡ್ರಾಪ್ಸ್ ಬಾಟಲಿಯಲ್ಲೇ ಕದಡಿದ್ದರೆ ಪರೀಕ್ಷೆ ನಿಲ್ಲಿಸಿ ಎಸೆಯಿರಿ.

ಎರಡು ಬೇರೆ ಬೇರೆ ವಸ್ತುವಿನ ಡ್ರಾಪ್ಸ್ ಹೀಗೆ ಸರಿಯಾಗಿ ನೋಡಿಯೂ ಅಂಕ ಇಳಿಯದಿದ್ದರೆ ಮೂರನೆಯದಕ್ಕೆ ದುಡ್ಡು ಹಾಕುವುದು ನಮ್ಮ ಲೆಕ್ಕದಲ್ಲಿ ದಂಡ. ಡಾಕ್ಟರ ಹತ್ತಿರ ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ 5 ನಿಮಿಷದಲ್ಲಿ ಎಷ್ಟು ಮಿಲಿಮೀಟರ್ ನೆನೆಯಿತು ಎಂದು ನೋಡುತ್ತಾರೆ. ಅದು ಶರ್ಮರ್ ಪರೀಕ್ಷೆ, 5 ಮಿ.ಮೀ.ಗಿಂತ ಕಡಿಮೆಯಾದರೆ ನೀರೇ ಸಾಲದು ಎಂದರ್ಥ. ಹಳದಿ ಬಣ್ಣ ಹಾಕಿ ಕಣ್ಣೀರಿನ ಪದರ ಒಡೆಯುವ ಹೊತ್ತು ಅಳೆಯುತ್ತಾರೆ, ರೆಪ್ಪೆ ಒತ್ತಿ ಗ್ರಂಥಿಯಿಂದ ಎಣ್ಣೆ ಬರುತ್ತದೆಯೇ ನೋಡುತ್ತಾರೆ. ಹೋಗುವ ದಿನ ಕನಿಷ್ಠ ಎರಡು ಗಂಟೆ ಮೊದಲಿನಿಂದ ಲೂಬ್ರಿಕೆಂಟ್ ಹಾಕಬೇಡಿ, ಹಾಕಿದರೆ ಆ ಅಳತೆಗಳೆಲ್ಲ ತಪ್ಪುತ್ತವೆ. ಗ್ಲಾಕೋಮಾದಂಥ ಬೇರೆ ಕಾಯಿಲೆಯ ಔಷಧ ಮಾತ್ರ ಹೊತ್ತಿಗೆ ಸರಿಯಾಗಿ ಹಾಕಿಕೊಳ್ಳಿ. ನೋಟ್‌ಬುಕ್ಕಿನ ಜೊತೆ ಬಳಸಿ ಬಿಟ್ಟ ಬಾಟಲಿಗಳನ್ನೂ ಡಬ್ಬಿ ಸಮೇತ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿದರೆ ಕೆಲವು ಗಂಟೆ ಹತ್ತಿರದ್ದು ಓದಲಾಗುವುದಿಲ್ಲ, ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಗಾಡಿ ಮನೆಯಲ್ಲೇ ಬಿಟ್ಟು ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ.